ಔಷಧಕ್ಕೂ ಒಂದು ಶೀಲ

ಬೇಲೂರಿನಿಂದ ಹಳೇಬೀಡಿಗೆ 16 ಕಿಲೋಮೀಟರ್. ಹೊಯ್ಸಳೇಶ್ವರ ದೇಗುಲವನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಅಲ್ಲಿಂದಲೇ ಹಿಂದಿರುಗುತ್ತಾರೆ. ತುಸು ದೂರದ ಬಸದಿಹಳ್ಳಿಯ ಮೂರು ಬಸದಿಗಳವರೆಗೆ ನಡೆದು ಬರುವವರು ಕಡಿಮೆ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ಮಗ ಬೊಪ್ಪನು ತನ್ನ ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು. ಪ್ರತಿಷ್ಠೆಯ ಗಂಧೋದಕವನ್ನೂ ಶೇಷಾಕ್ಷತೆಯನ್ನೂ ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದಾಗ, ಯುದ್ಧದ ಗೆಲುವೂ ಮಗನ ಜನನವೂ ಅದೇ ಸಮಯಕ್ಕೆ ಒದಗಿದ್ದವು. ಸಂತೋಷಗೊಂಡ ಅರಸನು ಸ್ವಾಮಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನೆಂದು ಶಾಸನ ಹೇಳುತ್ತದೆ.

ಇಂದಿಗೂ ಅಭಿಷೇಕದ ಗಂಧೋದಕವನ್ನು ಹಣೆಗೂ ಕಣ್ಣಿಗೂ ಒತ್ತಿಕೊಳ್ಳುವಾಗ ಮನಸ್ಸಿನಲ್ಲಿಯೇ ಆರೋಗ್ಯವನ್ನು ಬೇಡದ ಶ್ರಾವಕರು ವಿರಳ. ಮೈನಾಸುಂದರಿಯು ಸಿದ್ಧಚಕ್ರದ ಆರಾಧನೆ ಮಾಡಿ, ಆ ಗಂಧೋದಕದಿಂದ ಪತಿ ಶ್ರೀಪಾಲನ ಕುಷ್ಠವನ್ನು ನೀಗಿದ ಕಥೆಯನ್ನು ಕೇಳದ ಜೈನ ಮನೆಯೂ ಇರಲಾರದು. ಭಕ್ತಿಗೆ ಆ ಶಕ್ತಿಯುಂಟೆಂಬ ನಂಬಿಕೆಯನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಅದೇ ಪರಂಪರೆಯ ಆಚಾರ್ಯರು ಮರದ ತೊಗಟೆ, ಬೇರು, ಕಾಯಿಗಳ ಗುಣವನ್ನು ಒಂದೊಂದಾಗಿ ಪರೀಕ್ಷಿಸಿ, ಸಾವಿರಾರು ಶ್ಲೋಕಗಳಲ್ಲಿ ವೈದ್ಯಶಾಸ್ತ್ರವನ್ನು ಬರೆದರು ಎಂಬುದನ್ನೂ ಮರೆಯಲಾಗದು. ಗಂಧೋದಕವೊಂದೇ ಸಾಕಾಗುವಂತಿದ್ದರೆ ಆ ನಿರ್ಗ್ರಂಥ ಮುನಿಗಳು ಅಷ್ಟು ಶ್ರಮಪಡುವ ಅಗತ್ಯವೇ ಇರಲಿಲ್ಲ.

ಆ ಗ್ರಂಥಗಳಲ್ಲಿ ಪೂರ್ಣರೂಪದಲ್ಲಿ ನಮಗೆ ದೊರೆತಿರುವ ಹಿರಿಯ ಕೃತಿ ಉಗ್ರಾದಿತ್ಯಾಚಾರ್ಯರ 'ಕಲ್ಯಾಣಕಾರಕ'. ಒಂಬತ್ತನೆಯ ಶತಮಾನದ ಈ ಸಂಸ್ಕೃತ ಗ್ರಂಥದಲ್ಲಿ 25 ಅಧ್ಯಾಯಗಳಿವೆ. ಕೊನೆಯಲ್ಲಿ ಪರಿಶಿಷ್ಟಗಳೂ ಉಂಟು. 1940ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದದೊಡನೆ ಅದು ಅಚ್ಚಾಯಿತು. ತಮಗಿಂತ ಹಿಂದೆ ಕಣ್ಣು ಮೂಗುಗಳ ಚಿಕಿತ್ಸೆಯನ್ನು ಪೂಜ್ಯಪಾದರೂ, ಶಸ್ತ್ರಚಿಕಿತ್ಸೆಯನ್ನು ಪಾತ್ರಸ್ವಾಮಿಗಳೂ, ವಿಷಚಿಕಿತ್ಸೆಯನ್ನು ಸಿದ್ಧಸೇನರೂ, ಶಿಶುವೈದ್ಯವನ್ನು ಮೇಘನಾದರೂ ಹೇಳಿದ್ದರೆಂದು ಉಗ್ರಾದಿತ್ಯರು ಸ್ಮರಿಸುತ್ತಾರೆ. ಅಂದರೆ ಅವರ ಕಾಲಕ್ಕಾಗಲೇ ಜೈನ ಮುನಿಸಂಘಗಳಲ್ಲಿ ವೈದ್ಯವಿದ್ಯೆಯ ಒಂದು ದೊಡ್ಡ ಮನೆತನವೇ ಬೆಳೆದಿತ್ತು.

ಅಚ್ಚಗನ್ನಡದ ಮೊದಲ ವೈದ್ಯಗ್ರಂಥಗಳೂ ಬಹುಮಟ್ಟಿಗೆ ಜೈನರವೇ. ಪೂಜ್ಯಪಾದರ ಕೃತಿಯನ್ನು ಆಧರಿಸಿ ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನು ಬರೆದದ್ದು ಸುಮಾರು 1150ರಲ್ಲಿ. ಬಸದಿಹಳ್ಳಿಯ ಪಾರ್ಶ್ವನಾಥನಿಗೆ ಪ್ರತಿಷ್ಠೆಯಾಗಿ ಇನ್ನೂ ಎರಡು ದಶಕ ಕಳೆದಿರಲಿಲ್ಲ. ಚಾಳುಕ್ಯ ರಾಜಪುತ್ರ ಕೀರ್ತಿವರ್ಮನು ಹಸುಗಳಿಗಾಗಿ 'ಗೋವೈದ್ಯ'ವನ್ನೂ, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯದ 'ಖಗೇಂದ್ರಮಣಿದರ್ಪಣ'ವನ್ನೂ ರಚಿಸಿದರು.

ಈ ವೈದ್ಯರು ಉಳಿದ ಆಯುರ್ವೇದಾಚಾರ್ಯರಿಂದ ಬೇರೆಯಾಗುವುದು ಒಂದೇ ವಿಷಯದಲ್ಲಿ. ವಾತ, ಪಿತ್ತ, ಕಫಗಳ ಲೆಕ್ಕ ಅದೇ, ನಾಡಿ ಅದೇ, ಗಿಡಮೂಲಿಕೆಗಳೂ ಅವೇ. ಆದರೆ ಚರಕ, ಸುಶ್ರುತರ ಸಂಹಿತೆಗಳಲ್ಲಿ ಮಾಂಸರಸವೂ, ಮದ್ಯವೂ, ಜೇನೂ ಔಷಧಗಳಾಗಿ ಹೆಜ್ಜೆಹೆಜ್ಜೆಗೆ ಬರುತ್ತವೆ. ಜೈನ ಶ್ರಾವಕನ ಮೂಲಗುಣಗಳು ಆರಂಭವಾಗುವುದೇ ಮದ್ಯ, ಮಾಂಸ, ಮಧುಗಳ ತ್ಯಾಗದಿಂದ. ಆದುದರಿಂದ ಉಗ್ರಾದಿತ್ಯರು ಮೂರನ್ನೂ ಔಷಧದ ಪಟ್ಟಿಯಿಂದ ತೆಗೆದುಹಾಕಿ ಚಿಕಿತ್ಸೆಯನ್ನು ಮತ್ತೆ ಕಟ್ಟಿದರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ವಿದ್ವಾಂಸರೂ ವೈದ್ಯರೂ ನೆರೆದಿದ್ದ ಸಭೆಯಲ್ಲಿ, ಮಾಂಸಾಹಾರವು ರೋಗಿಗೆ ಅನಿವಾರ್ಯವಲ್ಲವೆಂದು ಅವರು ವಾದಿಸಿದರು. ಆ ವಾದವೇ ಗ್ರಂಥದ ಕೊನೆಯ ಹಿತಾಹಿತಾಧ್ಯಾಯ. ಸೋಮನಾಥನ ಕನ್ನಡ ಕೃತಿಯ ಚಿಕಿತ್ಸೆಯೂ ಮದ್ಯಮಾಂಸಗಳಿಲ್ಲದ್ದು.

ಇದನ್ನು ಮಡಿವಂತಿಕೆಯೆಂದು ತಿಳಿದರೆ ತಪ್ಪಾದೀತು. ವೈದ್ಯನ ಮುಂದೆ ಸಾಮಾನ್ಯವಾಗಿ ಇರುವ ಪ್ರಶ್ನೆ ಒಂದು: ರೋಗ ವಾಸಿಯಾಗುವುದೇ? ಜೈನ ವೈದ್ಯರು ಅದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟರು: ಯಾರ ಪ್ರಾಣದ ಬೆಲೆಗೆ? ಉಗ್ರಾದಿತ್ಯರು ಸ್ವಾಸ್ಥ್ಯವನ್ನು ಪಾರಮಾರ್ಥಿಕ, ವ್ಯಾವಹಾರಿಕ ಎಂದು ಎರಡಾಗಿ ಬಗೆದಿದ್ದಾರೆ. ಸಕಲ ಕರ್ಮಗಳೂ ನಾಶವಾದಾಗ ಆತ್ಮನಿಗೆ ದೊರೆಯುವ ಸುಖ ಮೊದಲನೆಯದು. ಹಸಿವು, ಧಾತುಗಳು, ಮಲಮೂತ್ರಗಳ ವಿಸರ್ಜನೆ ಸಮವಾಗಿದ್ದು, ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರುವುದು ಎರಡನೆಯದು. ಎರಡನೆಯದನ್ನು ಗಳಿಸುವ ಭರದಲ್ಲಿ ಮೊದಲನೆಯದನ್ನು ಕಳೆದುಕೊಳ್ಳಬಾರದು ಎಂಬುದೇ ಆ ಮೂರು 'ಮ'ಕಾರಗಳ ನಿಷೇಧದ ಹಿಂದಿನ ಎಚ್ಚರ.

ರೋಗವು ಅಸಾತಾವೇದನೀಯ ಕರ್ಮದ ಫಲವಾಗಿರುವಾಗ ಔಷಧದಿಂದೇನು ಪ್ರಯೋಜನ, ಅನುಭವಿಸಿಯೇ ತೀರಬೇಕಲ್ಲವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಕೇಳುವವರಲ್ಲಿ ಭಕ್ತರೂ ಉಂಟು, ಚಿಕಿತ್ಸೆಯ ಖರ್ಚಿಗೆ ಹಿಂಜರಿಯುವವರೂ ಉಂಟು. ತತ್ತ್ವಾರ್ಥಸೂತ್ರದ ವ್ಯಾಖ್ಯಾನವಾದ 'ಸರ್ವಾರ್ಥಸಿದ್ಧಿ'ಯಲ್ಲಿ ಪೂಜ್ಯಪಾದರು ಕರ್ಮವು ಎರಡು ಬಗೆಯಲ್ಲಿ ಉದುರುವುದನ್ನು ವಿವರಿಸುತ್ತಾರೆ. ಕಾಲ ಬಂದಾಗ ತಾನಾಗಿ ಮಾಗಿ ಉದುರುವುದು ಒಂದು; ಮಾವು, ಹಲಸುಗಳನ್ನು ಉಪಾಯದಿಂದ ಬೇಗ ಹಣ್ಣುಮಾಡುವಂತೆ ಪುರುಷಪ್ರಯತ್ನದಿಂದ ಮಾಗಿಸುವುದು ಇನ್ನೊಂದು. ಅಲ್ಲಿ ಅವರು ಹೇಳುತ್ತಿರುವುದು ತಪಸ್ಸಿನ ಮಾತು, ನಿಜ. ಆದರೆ ಕರ್ಮಸಿದ್ಧಾಂತವು ಕೈಕಟ್ಟಿ ಕುಳಿತುಕೊಳ್ಳಲು ಹೇಳುವುದಿಲ್ಲವೆಂಬುದು ಆ ಹಣ್ಣಿನ ದೃಷ್ಟಾಂತದಿಂದಲೇ ತಿಳಿಯುತ್ತದೆ. ಆ ಪೂಜ್ಯಪಾದರ ಹೆಸರೇ ವೈದ್ಯಗ್ರಂಥಕಾರರ ಸಾಲಿನಲ್ಲಿಯೂ ಬರುತ್ತದೆ.

ರೋಗ ಬಂದ ಮೇಲಿನ ಮಾತು ಇದು. ಬಾರದಂತೆ ಕಾಯುವ ಬಹಳಷ್ಟು ಕೆಲಸವನ್ನು ಶ್ರಾವಕನ ಅಡುಗೆಮನೆಯೇ ಮಾಡುತ್ತಿತ್ತು. ನೀರಿನ ವಿಷಯವನ್ನೇ ನೋಡಬಹುದು. ದಟ್ಟವಾದ ಬಟ್ಟೆಯನ್ನು ಮಡಿಸಿ ನೀರನ್ನು ಸೋಸಬೇಕು. ಬಟ್ಟೆಯ ಮೇಲೆ ಉಳಿದ ಜೀವಿಗಳನ್ನು ಹಾಗೆಯೇ ಒಣಗಿಸಿ ಕೊಲ್ಲದೆ, ಸೋಸಿದ ನೀರಿನಿಂದ ತೊಳೆದು, ಬಂದ ಬಾವಿಗೇ ಬಿಡಬೇಕು. ಹೀಗೆ ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಮಿತಿ. ಕುದಿಸಿದ ನೀರಿಗೆ 24 ಗಂಟೆ. ನಿಯಮ ಹುಟ್ಟಿದ್ದು ನೀರಿನಲ್ಲಿರುವ ಜೀವಿಯ ರಕ್ಷಣೆಗಾಗಿ. ಕುಡಿಯುವವನ ರಕ್ಷಣೆಯೂ ಅದರಿಂದಲೇ ಆಯಿತು. ಒಂದು ಕಾಲಕ್ಕೆ ಕರ್ನಾಟಕದ ಹಳ್ಳಿಗಳನ್ನು ಕಾಡುತ್ತಿದ್ದ ನಾರುಹುಣ್ಣು, ಕುಡಿಯುವ ನೀರಿನ ಸಣ್ಣ ಜಲಕೀಟಗಳ ಮೂಲಕ ದೇಹವನ್ನು ಸೇರುತ್ತಿತ್ತು. ಬಟ್ಟೆಯಲ್ಲಿ ಸೋಸಿದರೆ ಆ ಕೀಟ ಹೊರಗೇ ಉಳಿಯುತ್ತದೆ. ಭಾರತದಲ್ಲಿ ಆ ರೋಗವನ್ನು ತೊಡೆದುಹಾಕಲು ಸರ್ಕಾರ ಊರೂರಿಗೆ ಹೇಳಿಕೊಟ್ಟ ಉಪಾಯಗಳಲ್ಲಿ ಇದೂ ಒಂದು. 2000ದಲ್ಲಿ ದೇಶವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿಯೂ ಕಾರಣ ಅದೇ: ಕಾಲರಾದ ರೋಗಾಣುಗಳು ಜಲಕೀಟಗಳಿಗೆ ಅಂಟಿಕೊಂಡಿರುತ್ತವೆ. ಆದರೆ ಟೈಫಾಯಿಡಿನ ರೋಗಾಣುವನ್ನು ಬಟ್ಟೆ ತಡೆಯಲಾರದು. ಅದಕ್ಕೆ ಕುದಿಸುವುದೇ ಆಗಬೇಕು. ಸೋಸುವುದನ್ನು ಉಳಿಸಿಕೊಂಡು ಕುದಿಸುವುದನ್ನು ಬಿಟ್ಟ ಮನೆ ನಿಯಮದ ಅರ್ಧವನ್ನಷ್ಟೇ ಪಾಲಿಸಿದಂತೆ.

ಚಾತುರ್ಮಾಸದಲ್ಲಿ ಬೇಲೂರಿನ ಸೀಮೆಗೆ ಮಳೆ ಹಿಡಿಯುತ್ತದೆ. ವರ್ಷ ಋತುವಿನಲ್ಲಿ ಜಠರಾಗ್ನಿ ಮಂದವಾಗುತ್ತದೆ, ಹಿತಮಿತವಾಗಿ ಬಿಸಿಯಾದುದನ್ನೇ ಉಣ್ಣಬೇಕು ಎನ್ನುತ್ತದೆ ಆಯುರ್ವೇದ. ಜೈನರ ಪಂಚಾಂಗದಲ್ಲಿ ಹಸಿಸೊಪ್ಪನ್ನು ಬಿಡುವುದು, ಅಷ್ಟಮಿ ಚತುರ್ದಶಿಗಳ ಉಪವಾಸ, ಏಕಾಶನ, ಭಾದ್ರಪದದ ದಶಲಕ್ಷಣ ಪರ್ವ ಎಲ್ಲವೂ ಈ ತಿಂಗಳುಗಳಲ್ಲಿಯೇ ಒತ್ತಾಗಿ ಬರುತ್ತವೆ. ಸೊಪ್ಪಿನ ನಡುವೆ ಹುಳ ಹೆಚ್ಚುವ ಕಾಲ ಅದು. ಬಿಡುವುದಕ್ಕೆ ಕಾರಣ ಜೀವದಯೆ. ಹೊಟ್ಟೆಗೆ ಆದ ಉಪಕಾರ ಅದರ ಜೊತೆಗೆ ಬಂದದ್ದು. ನೆಗಡಿಯಾದರೆ ಮನೆಯಲ್ಲಿ ಕಷಾಯ ಸಿದ್ಧ: ತೋಟದ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಬೆಲ್ಲ. ನೇಮದ ಮನೆಗಳಲ್ಲಿ ಹಸಿಶುಂಠಿ ಹಾಕುವುದಿಲ್ಲ, ಅದು ಅನಂತಕಾಯವಾದ ಕಂದ. ಒಣಶುಂಠಿಯನ್ನು ಕುಟ್ಟಿ ಹಾಕುತ್ತಾರೆ. ಆಲ, ಅರಳಿ, ಅತ್ತಿಗಳ ಹಣ್ಣನ್ನು ಜೈನರು ತಿನ್ನುವುದಿಲ್ಲ, ಅವುಗಳೊಳಗೆ ಹುಳಗಳ ವಾಸ. ಅದೇ ಮರಗಳ ತೊಗಟೆಯ ಕಷಾಯದಲ್ಲಿ ಹುಣ್ಣು ತೊಳೆಯುವುದು ಆಯುರ್ವೇದದ ಹಳೆಯ ಕ್ರಮ, ಅದಕ್ಕೆ ಅಡ್ಡಿಯಿಲ್ಲ. ಜೇನಿನಲ್ಲಿ ಕಲಸಬೇಕಾದ ಚೂರ್ಣವನ್ನು ತುಪ್ಪ, ಸಕ್ಕರೆಪಾಕದಲ್ಲಿ ಕಲಸುತ್ತಾರೆ.

ಬಾಹ್ಯತಪಸ್ಸಿನಲ್ಲಿ ಉಪವಾಸದ ನಂತರ ಬರುವುದು ಅವಮೌದರ್ಯ, ರೂಢಿಯ ಮಾತಿನಲ್ಲಿ ಊನೋದರ: ಹೊಟ್ಟೆ ತುಂಬುವ ಮೊದಲೇ ಏಳುವುದು. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದೂ, ಅದರಲ್ಲಿ ಒಂದೊಂದು ತುತ್ತನ್ನು ಕಡಿಮೆ ಮಾಡುತ್ತ ಹೋಗುವುದು ತಪಸ್ಸೆಂದೂ ಪ್ರಾಚೀನರು ಲೆಕ್ಕವಿಟ್ಟಿದ್ದಾರೆ. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲುಭಾಗ ನೀರಿಗೆ, ಉಳಿದ ಕಾಲುಭಾಗ ಗಾಳಿಗೆ ಎಂಬ ಅಷ್ಟಾಂಗಹೃದಯದ ಲೆಕ್ಕವೂ ಇದಕ್ಕೆ ಸಮೀಪದ್ದೇ. ಉಪವಾಸ ಮಾಡುವವರು ಹಲವರು. ಪಾರಣೆಯ ದಿನ ಊನೋದರ ಪಾಲಿಸುವವರು ಕೆಲವರೇ. ಕಷ್ಟವಾದ ತಪಸ್ಸು ಯಾವುದೆಂದು ಇದರಿಂದ ಊಹಿಸಬಹುದು.

ಇಷ್ಟರವರೆಗೆ ವ್ರತವೂ ವೈದ್ಯವೂ ಕೈಹಿಡಿದು ನಡೆಯುತ್ತವೆ. ಅವು ಬೇರೆಯಾಗುವ ತಿರುವೊಂದು ಇಂದಿನ ಮನೆಗಳಲ್ಲಿ ಬಂದೇ ಬರುತ್ತದೆ. ಎಪ್ಪತ್ತು ದಾಟಿದ ಶ್ರಾವಿಕೆಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಹತ್ತಾರು ವರ್ಷಗಳಿಂದ ರಾತ್ರಿಭೋಜನ ತ್ಯಾಗ. ಸಂಜೆ ಆರಕ್ಕೆ ಊಟ ಮುಗಿದರೆ, ಮರುದಿನ ಬಸದಿಗೆ ಹೋಗಿ ಅಭಿಷೇಕ ನೋಡಿ ಬಂದ ಮೇಲೆಯೇ, ಎಂಟು ಗಂಟೆಗೆ ಬಾಯಿಗೆ ನೀರು. ನಡುವೆ 14 ಗಂಟೆ. ಈಗ ಸಕ್ಕರೆ ಕಾಯಿಲೆ ಬಂದಿದೆ. ಗುಳಿಗೆ ನುಂಗಬೇಕು, ಕೆಲವರಿಗೆ ಇನ್ಸುಲಿನ್ ಚುಚ್ಚಬೇಕು. ರಾತ್ರಿಯ ಗುಳಿಗೆಯನ್ನು ವ್ರತಕ್ಕಾಗಿ ಬಿಟ್ಟರೆ ಸಕ್ಕರೆ ಏರುತ್ತದೆ. ಗುಳಿಗೆ ತೆಗೆದುಕೊಂಡು 14 ಗಂಟೆ ಉಪವಾಸವಿದ್ದರೆ ನಡುರಾತ್ರಿ ಸಕ್ಕರೆ ಕುಸಿದು, ಬೆವರು, ನಡುಕ, ಮಂಪರು; ಆಗ ಒಂದು ಚಮಚ ಸಕ್ಕರೆನೀರನ್ನು ಬಾಯಿಗೆ ಹಾಕಲು ಮಕ್ಕಳು ಬಂದರೆ, 'ಕತ್ತಲಾಗಿದೆ, ಬೇಡ' ಎನ್ನುವ ಹಟ. ಮಕ್ಕಳಿಗೆ ಅಮ್ಮನ ವ್ರತವನ್ನು ಮುರಿಯುವ ಭಯ ಒಂದು ಕಡೆ, ಅಮ್ಮನನ್ನೇ ಕಳೆದುಕೊಳ್ಳುವ ಭಯ ಇನ್ನೊಂದು ಕಡೆ.

ಇಂತಹ ಸಂಕಟಕ್ಕೆ ಆಗಮಪರಂಪರೆಯಲ್ಲಿ ಸಮಂತಭದ್ರಾಚಾರ್ಯರ ಕಥೆಗಿಂತ ದೊಡ್ಡ ಆಧಾರ ಬೇಕಿಲ್ಲ. ದೇವಚಂದ್ರನ 'ರಾಜಾವಳೀಕಥೆ'ಯಲ್ಲಿಯೂ ಬರುವ ಆ ಕಥೆ ಹೀಗಿದೆ. ಮುನಿಗಳಾಗಿದ್ದ ಸಮಂತಭದ್ರರಿಗೆ ಭಸ್ಮಕವ್ಯಾಧಿ ತಗುಲಿತು. ಎಷ್ಟು ಉಂಡರೂ ಕ್ಷಣದಲ್ಲಿ ಭಸ್ಮವಾಗಿ ಹಸಿವು ಸುಡುತ್ತಿತ್ತು. ದಿನಕ್ಕೊಂದು ಬಾರಿ, ಕರಪಾತ್ರೆಯಲ್ಲಿ, ನಿಂತು ಆಹಾರ ಸ್ವೀಕರಿಸುವ ಮುನಿಗೆ ಅದಕ್ಕೆ ಔಷಧವೆಲ್ಲಿ? ಅವರು ಗುರುಗಳ ಬಳಿ ಸಲ್ಲೇಖನೆಗೆ ಅಪ್ಪಣೆ ಬೇಡಿದರು. ಗುರುಗಳು ಕೊಡಲಿಲ್ಲ. ಶಿಷ್ಯನಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಬಹಳವಿದೆ ಎಂದರಿತು, ದೀಕ್ಷೆಯನ್ನು ಬಿಟ್ಟಾದರೂ ರೋಗವನ್ನು ನೀಗಿಕೊಂಡು ಬಾ, ಅನಂತರ ಮತ್ತೆ ದೀಕ್ಷೆ ತೆಗೆದುಕೋ ಎಂದರು. ಸಮಂತಭದ್ರರು ವೇಷ ಬದಲಿಸಿ, ಶಿವಕೋಟಿ ರಾಜನ ದೇವಾಲಯದಲ್ಲಿ ರಾಶಿರಾಶಿಯಾಗಿ ಬರುತ್ತಿದ್ದ ನೈವೇದ್ಯವನ್ನು ಉಂಡು, ದಿನಕಳೆದಂತೆ ಗುಣಮುಖರಾದರು. ಬಳಿಕ ಮರಳಿ ದೀಕ್ಷೆ ವಹಿಸಿದರು. ಮುಂದೆ ಶ್ರಾವಕಾಚಾರದ 'ರತ್ನಕರಂಡಕ'ವನ್ನು ಬರೆದಾಗ, ಸಲ್ಲೇಖನೆಗೆ ಕಾರಣವಾಗಬಲ್ಲ ರೋಗವು ಪ್ರತೀಕಾರವಿಲ್ಲದ್ದಾಗಿರಬೇಕೆಂದು ಅವರೇ ವಿಧಿಸಿದರು. ಚಿಕಿತ್ಸೆಯಿದ್ದ ರೋಗಕ್ಕೆ ದೇಹವನ್ನು ಒಪ್ಪಿಸಲು ಹೊರಟಿದ್ದವರೇ ಆ ಪದವನ್ನು ಅಲ್ಲಿಟ್ಟರೆಂಬುದು ಗಮನಿಸಬೇಕಾದ ಸಂಗತಿ.

ಮಹಾಮುನಿಯ ದೀಕ್ಷೆಗೇ ಗುರುಗಳು ಬಿಡುವು ಕೊಟ್ಟಿರುವಾಗ, ಗೃಹಸ್ಥೆಯ ವ್ರತಕ್ಕೆ ದಾರಿಯಿಲ್ಲದೆ ಹೋದೀತೇ? ರಾತ್ರಿಭುಕ್ತಿತ್ಯಾಗದ ಪ್ರತಿಮೆಯನ್ನು ವಿಧಿಪೂರ್ವಕವಾಗಿ ಏರದ ಶ್ರಾವಕರು ನೀರು, ಔಷಧಗಳಿಗೆ ಅವಕಾಶವಿಟ್ಟುಕೊಂಡೇ ವ್ರತ ತೆಗೆದುಕೊಳ್ಳುವ ರೂಢಿಯುಂಟು. ಪೂರ್ಣವಾಗಿ ತೆಗೆದುಕೊಂಡವರು ಗುರುಗಳ ಬಳಿ ಹೋಗಿ ಪರಿಸ್ಥಿತಿಯನ್ನು ನಿವೇದಿಸಬಹುದು. ಆದರೆ ಅದಕ್ಕೂ ಮೊದಲು ಹೋಗಬೇಕಾದ ಸ್ಥಳ ವೈದ್ಯರ ಕೊಠಡಿ. 'ನಾನು ಸೂರ್ಯಾಸ್ತದ ನಂತರ ಏನನ್ನೂ ಸೇವಿಸುವುದಿಲ್ಲ, ಇಂತಿಂತಹ ತಿಥಿಗಳಂದು ಉಪವಾಸ' ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಿದರೆ ಗುಳಿಗೆಯ ಹೊತ್ತನ್ನೂ ಪ್ರಮಾಣವನ್ನೂ, ಬೇಕಿದ್ದರೆ ಗುಳಿಗೆಯನ್ನೇ ಬದಲಿಸಿ, ಹಗಲಿನೊಳಗೆ ಹೊಂದಿಸುವ ಸಾಧ್ಯತೆ ಎಷ್ಟೋ ಬಾರಿ ಇರುತ್ತದೆ. ತಾವಾಗಿಯೇ ಬದಲಿಸಿಕೊಳ್ಳುವುದು ಮಾತ್ರ ಅಪಾಯ. ಇನ್ಸುಲಿನ್ನಿನ ಬಗ್ಗೆ ಹಿರಿಯರಲ್ಲಿ ಉಳಿದಿರುವ ಸಂಕೋಚಕ್ಕೂ ಒಂದು ಮಾತು ಸಲ್ಲಬೇಕು. ಹಿಂದೆ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. 1982ರಿಂದ ಅಣುಜೀವಿಗಳ ಮೂಲಕ ತಯಾರಿಸುವ ಮಾನವ ಇನ್ಸುಲಿನ್ ಬಳಕೆಗೆ ಬಂತು. ಇಂದು ಸಾಮಾನ್ಯವಾಗಿ ದೊರೆಯುವುದು ಅಂತಹದೇ.

ಆಯುರ್ವೇದದ ಅಂಗಡಿಗೆ ಹೋದೊಡನೆ ಎಲ್ಲವೂ ಅಹಿಂಸೆ ಎಂದುಕೊಳ್ಳುವುದೂ ಸರಿಯಲ್ಲ. ಚ್ಯವನಪ್ರಾಶದಲ್ಲಿ ಜೇನು ಸೇರುತ್ತದೆ. ಅರಿಷ್ಟ, ಆಸವಗಳು ಹುದುಗಿ ಸಿದ್ಧವಾಗುವುದರಿಂದ ಅವುಗಳಲ್ಲಿ ಮದ್ಯಾಂಶ ತಾನಾಗಿ ಹುಟ್ಟುತ್ತದೆ. ಅವುಗಳ ಬದಲಿಗೆ ಕಷಾಯ ಅಥವಾ ಚೂರ್ಣದ ರೂಪ ಇದೆಯೇ ಎಂದು ವೈದ್ಯರನ್ನು ಕೇಳಬಹುದು. ಅಲೋಪತಿಯ ಕ್ಯಾಪ್ಸೂಲಿನ ಹೊರಕವಚ ಬಹುತೇಕ ಪ್ರಾಣಿಜನ್ಯ ಜೆಲಾಟಿನ್ನಿನದು, ಸಸ್ಯಮೂಲದ ಕವಚಗಳೂ ಈಗ ಇವೆ. ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚವೇನಿಲ್ಲ. ಉಗ್ರಾದಿತ್ಯರು ರಾಜಸಭೆಯಲ್ಲಿ ಮಾಡಿದ್ದೂ ಅದೇ ವಿಚಾರಣೆ. ಆದರೆ ತೋಟದಲ್ಲಿ ಹಾವು ಕಚ್ಚಿದವನ ಮುಂದೆ ಈ ವಿಚಾರಣೆಗೆ ಸಮಯವಿಲ್ಲ, ಖಗೇಂದ್ರಮಣಿದರ್ಪಣದ ಹಾಳೆಯನ್ನು ತಿರುವುವುದಕ್ಕೂ ಇಲ್ಲ. ಅವನನ್ನು ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಮಂಗರಾಜನು ಇಂದು ಇದ್ದಿದ್ದರೆ ಗಾಡಿಯಲ್ಲಿ ಮೊದಲು ಹತ್ತಿ ಕುಳಿತುಕೊಳ್ಳುತ್ತಿದ್ದವನು ಅವನೇ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಸಂತೋಷಪಡುವವರೆಂದು ಶ್ರವಣಬೆಳಗೊಳದ ಶಾಸನಗಳು ಶ್ರಾವಿಕೆಯರನ್ನು ಹೊಗಳುತ್ತವೆ. ಹಳೇಬೀಡಿನ ಬಸದಿಯನ್ನು ಕಟ್ಟಿಸಿದ ಬೊಪ್ಪನ ತಂದೆ ಗಂಗರಾಜನ ಪತ್ನಿ ಲಕ್ಷ್ಮೀಮತಿಗೂ ಆ ಹೊಗಳಿಕೆ ಸಂದಿದೆ. ಆ ದಾನದ ಪರಂಪರೆ ಈ ಜಿಲ್ಲೆಯಲ್ಲಿ ನಿಂತಿಲ್ಲ. ಬೇಲೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿ 1992ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ, ಜೈನ ಮನೆತನವಾದ ಧರ್ಮಸ್ಥಳದ ಹೆಗ್ಗಡೆಯವರ ಚತುರ್ದಾನಗಳಲ್ಲಿ ಔಷಧದಾನದ ಒಂದು ಕೊಂಬೆ. ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜು ಅದಕ್ಕೂ ಮೊದಲಿನದು, 1989ರದು. ಅಲ್ಲಿಗೆ ಬರುವ ರೋಗಿಗೆ ಯಾವ ಮತವೆಂದು ಕೇಳುವ ಪದ್ಧತಿಯಿಲ್ಲ.

ಆಸ್ಪತ್ರೆ ಕಟ್ಟಿಸಲಾರದ ಮನೆಯವರ ಔಷಧದಾನ ಇನ್ನೂ ಸರಳವಾದುದು. ಚಾತುರ್ಮಾಸಕ್ಕೆ ನೆಲೆನಿಂತ ಮುನಿಗಳು ಔಷಧವನ್ನು ಬೇಡುವುದಿಲ್ಲ, ಆಹಾರದ ಒಂದು ಹೊತ್ತಿನಲ್ಲಲ್ಲದೆ ಸ್ವೀಕರಿಸುವುದೂ ಇಲ್ಲ. ಅವರ ಕೆಮ್ಮನ್ನು ಕೇಳಿಸಿಕೊಂಡು, ನಡಿಗೆಯ ಆಯಾಸವನ್ನು ನೋಡಿ, ವೈದ್ಯರನ್ನು ವಿಚಾರಿಸಿ, ಆಹಾರದ ಜೊತೆಗೆ ಬೇಕಾದ ಕಷಾಯವನ್ನೋ ಚೂರ್ಣವನ್ನೋ ಸಿದ್ಧಪಡಿಸಿಡುವುದು ಶ್ರಾವಿಕೆಯರ ಕೆಲಸ. ಅಂತರಂಗ ತಪಸ್ಸಿನಲ್ಲಿ ಒಂದಾದ ವೈಯಾವೃತ್ಯ ಎಂದರೆ ಇದೇ. ತತ್ತ್ವಾರ್ಥಸೂತ್ರವು ಆ ಸೇವೆಗೆ ಪಾತ್ರರಾದ ಹತ್ತು ಬಗೆಯವರನ್ನು ಎಣಿಸುವಾಗ, ಆಚಾರ್ಯ, ಉಪಾಧ್ಯಾಯರ ಸಾಲಿನಲ್ಲಿಯೇ 'ಗ್ಲಾನ'ನನ್ನು, ಅಂದರೆ ರೋಗದಿಂದ ಬಳಲಿದವನನ್ನು, ಸೇರಿಸಿದೆ.

ರತ್ನಕರಂಡಕವು ಔಷಧದಾನಕ್ಕೆ ಉದಾಹರಣೆಯಾಗಿ ಹೆಸರಿಸುವುದು ವೃಷಭಸೇನೆ ಎಂಬ ಹೆಣ್ಣುಮಗಳನ್ನು. ವ್ಯಾಖ್ಯಾನದ ಕಥೆಯ ಪ್ರಕಾರ ಹಿಂದಿನ ಜನ್ಮದಲ್ಲಿ ಅವಳು ದೇಗುಲದ ಕಸ ಗುಡಿಸುವವಳು. ಧ್ಯಾನದಲ್ಲಿದ್ದ ಮುನಿಗಳ ಮೇಲೆ ಸಿಟ್ಟಿನಿಂದ ಕಸ ಸುರಿದು, ಆಮೇಲೆ ಪಶ್ಚಾತ್ತಾಪಪಟ್ಟು, ಅವರ ನೋವಿಗೆ ಔಷಧ ಹಚ್ಚಿ ಉಪಚರಿಸಿದಳು. ಆ ಪುಣ್ಯದಿಂದ ಶ್ರೇಷ್ಠಿಯ ಮಗಳಾಗಿ ಹುಟ್ಟಿದಾಗ ಅವಳು ಸ್ನಾನ ಮಾಡಿದ ನೀರಿಗೇ ರೋಗವನ್ನು ನೀಗುವ ಗುಣವಿತ್ತು. ಮುಂದೆ ಅರಸನವರೆಗೂ ಆ ಸುದ್ದಿ ಹೋಯಿತು. ಆದರೆ ಅದನ್ನು ಮೊದಲು ಕಂಡವಳು ಮನೆಯ ದಾದಿ. ಬಚ್ಚಲ ನೀರು ನಿಂತ ಗುಂಡಿಗೆ ರೋಗಪೀಡಿತ ನಾಯಿಯೊಂದು ಬಿದ್ದು, ಮೈಯೆಲ್ಲ ವಾಸಿಯಾಗಿ ಎದ್ದುಹೋದುದನ್ನು ಅವಳು ನೋಡಿದ್ದಳು.